ಮಡಚುವ ಅಲಗು, ನಲವತ್ತೈದು ಪೌಂಡಿನ ಬಿಲ್ಲು

ಭುಜದ ಆಪರೇಷನ್ ಆದ ಮೇಲೆ, ಗ್ಯಾರೇಜಿನ ಬಾಗಿಲು ಹಾಕಿಕೊಂಡು ನನ್ನ ಬಿಲ್ಲಿನ ಬೋಲ್ಟುಗಳನ್ನು ಸಡಿಲಿಸಿದೆ. ಹೆದೆ ಎಳೆಯಲು ಅರವತ್ತು ಪೌಂಡಿನ ಬಲ ಬೇಕಿದ್ದ, ಅಂದರೆ ಅರವತ್ತರ ಎಳೆತದ ಬಿಲ್ಲು ನಲವತ್ತೈದಕ್ಕೆ ಇಳಿಯಿತು. ಡಾಕ್ಟರು ಹೇಳಿದ್ದೂ ಅದನ್ನೇ, ಹಗುರವಾದ ಬಿಲ್ಲು ಎಳೆಯಿರಿ ಎಂದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಆದರೂ ಯಾರಿಗೂ ಹೇಳಲಿಲ್ಲ.

ಇಂಗ್ಲೆಂಡಿನ ಡರ್ಬಿಯಲ್ಲಿ ನಾವು ಹೋಗುವ ಬಿಲ್ಲುಗಾರಿಕೆ ಕ್ಲಬ್ಬಿನಲ್ಲಿ ಕನ್ನಡದವರು ನಾಲ್ಕೈದು ಜನ. ವಿಮಾನದ ಇಂಜಿನ್ ಮಾಡುವ ಕಾರ್ಖಾನೆಯವರು, ಕಂಪ್ಯೂಟರ್ ಕಾಂಟ್ರಾಕ್ಟಿನವರು, ಎಲ್ಲರೂ ದೊಡ್ಡ ಓದು ಓದಿದವರು. ನಾನು ಹೈಸ್ಕೂಲು ಮುಗಿಸಿ ಬಂದವನು. ಪೆನ್ಷನ್ ಬರುವವರೆಗೆ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದವನು. ಅವರು ಆಫೀಸು, ಮಾರ್ಟ್‌ಗೇಜು ಎಂದು ಮಾತಾಡುವಾಗ ನಾನು ಚಹಾದ ಲೋಟ ಹಿಡಿದು ಕೂತಿರುತ್ತಿದ್ದೆ. ನಾನು ಬಿಲ್ಲು ಎಳೆದಾಗ ಮಾತ್ರ ಎಲ್ಲರೂ ತಿರುಗಿ ನೋಡುತ್ತಿದ್ದರು. "ಅಂಕಲ್, ಈ ವಯಸ್ಸಲ್ಲೂ ಅರವತ್ತಾ? ನಮಗೆ ನಲವತ್ತಕ್ಕೇ ಕೈ ನಡುಗುತ್ತೆ" ಅನ್ನುತ್ತಿದ್ದರು. ನನಗಿದ್ದ ಡಿಗ್ರಿ ಅದೊಂದೇ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಆ ಗುಂಪಿನಲ್ಲಿ ನನಗೆ ತೀರ ಹತ್ತಿರದವರು ಧಾರವಾಡ ಕಡೆಯ ಒಬ್ಬರು. ಇಂಜಿನ್ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕೊರಳಲ್ಲಿ ಲಿಂಗ ಇದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕಾಗದದ ಗುರಿ ಬಿಟ್ಟರೆ ಬೇರೆ ಯಾವುದಕ್ಕೂ ಬಾಣ ಹೂಡಿದವರಲ್ಲ. ಆದರೆ ಬಾಣ ಹೇಗೆ ಹಾರುತ್ತದೆ, ಯಾಕೆ ತಪ್ಪುತ್ತದೆ ಎಂಬುದನ್ನು ಅವರಷ್ಟು ತಿಳಿದವರು ಕ್ಲಬ್ಬಿನಲ್ಲಿ ಇನ್ನೊಬ್ಬರಿಲ್ಲ. ಭಾನುವಾರ ಬೆಳಿಗ್ಗೆ ಹೊಸಬರಿಗೆ ಕಲಿಸುತ್ತಿದ್ದವರು ಅವರೇ. ನನ್ನನ್ನು ಅಣ್ಣಾರ ಅನ್ನುತ್ತಾರೆ. ನಾನು ಅವರನ್ನು ಇಂಜಿನಿಯರ್ ಸಾಹೇಬ್ರೇ ಅಂತ ರೇಗಿಸುತ್ತಿದ್ದೆ.

ಅಮೆರಿಕದಲ್ಲಿ ನನ್ನ ತಮ್ಮನಿದ್ದಾನೆ. ಅವನ ಪಕ್ಕದ ಮನೆಯವನು ಬಿಲ್ಲಿನಿಂದ ಜಿಂಕೆ ಬೇಟೆಯಾಡುತ್ತಾನೆ. ಇಂಗ್ಲೆಂಡಿನಲ್ಲಿ ಅದು ಅಪರಾಧ. ಅಲ್ಲಿ ಲೈಸೆನ್ಸ್ ಪಡೆದು, ಸೀಸನ್ನಿನಲ್ಲಿ ಆಡಬಹುದು. ಒಂದು ಸಲ ಬಾ ಎಂದು ತಮ್ಮ ಕರೆದ. ನಮ್ಮದು ಮಾಂಸ ತಿನ್ನುವ ಮನೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೊರಡುವ ಮೊದಲು ಬಾಣಕ್ಕೆ ಯಾವ ಮೊನೆ ಹಾಕಬೇಕೆಂದು ಧಾರವಾಡದ ಈ ಗೆಳೆಯರನ್ನು ಕೇಳಿದೆ.

ಬೇಟೆಯ ಮೊನೆಯಲ್ಲಿ ಎರಡು ಬಗೆ. ಒಂದರಲ್ಲಿ ಅಲಗುಗಳು ಸದಾ ಹೊರಗೇ ಇರುತ್ತವೆ, ಬ್ಲೇಡು ಕಟ್ಟಿದ ಹಾಗೆ. ಕಡಿಮೆ ಬಲದ ಬಿಲ್ಲಿನಿಂದ ಬಿಟ್ಟರೂ ಅದು ಆಳಕ್ಕೆ ಇಳಿಯುತ್ತದೆ. ಆದರೆ ಗಾಳಿಯಲ್ಲಿ ಆ ಅಲಗುಗಳೇ ರೆಕ್ಕೆಯಾಗುತ್ತವೆ. ಬಿಲ್ಲು ಒಂದಿಷ್ಟು ಹದ ತಪ್ಪಿದ್ದರೂ ಬಾಣ ಪಕ್ಕಕ್ಕೆ ಸರಿಯುತ್ತದೆ. ಇನ್ನೊಂದಕ್ಕೆ ಮೆಕ್ಯಾನಿಕಲ್ ಅನ್ನುತ್ತಾರೆ. ಅದರಲ್ಲಿ ಅಲಗುಗಳು ಮಡಚಿಕೊಂಡಿರುತ್ತವೆ, ತಗುಲಿದಾಗ ತೆರೆದುಕೊಂಡು ಅಗಲವಾಗಿ ಕೊಯ್ಯುತ್ತವೆ. ದಿನಾ ಅಭ್ಯಾಸ ಮಾಡುವ ಬಾಣದಂತೆಯೇ ನೇರ ಹಾರುತ್ತದೆ. ಆದರೆ ಅಲಗು ತೆರೆದುಕೊಳ್ಳುವುದರಲ್ಲೇ ಬಾಣದ ಬಲ ಅಷ್ಟು ಖರ್ಚಾಗಿಬಿಡುತ್ತದೆ.

ಕ್ಲಬ್ಬಿನಲ್ಲಿ ಅಂಥ ಮೊನೆಗಳನ್ನು ಬಳಸಲು ಬಿಡುವುದಿಲ್ಲ. ಊರಾಚೆ ಪರಿಚಯದ ರೈತನೊಬ್ಬನ ಹೊಲದಲ್ಲಿ ಫೋಮಿನ ದಿಮ್ಮಿ ಇಟ್ಟು ಇಬ್ಬರೂ ಪರೀಕ್ಷೆ ಮಾಡಿದೆವು. ಬಾಣ ಬಿಟ್ಟವನು ನಾನು, ನೋಡಿದವರು ಅವರು. ಮೆಕ್ಯಾನಿಕಲ್ ನೇರ ಹೋಯಿತು. ಇನ್ನೊಂದು ಪ್ರತಿ ಸಲವೂ ಒಂದು ಗೇಣು ಎಡಕ್ಕೆ ಹೋಯಿತು. ಬಿಲ್ಲು ಕೊಡಿ, ಕ್ಲಬ್ಬಿನ ಶೆಡ್ಡಿನಲ್ಲಿ ಕೂತು ಹದ ಮಾಡಿಕೊಡುತ್ತೇನೆ, ಒಂದು ಸಂಜೆಯ ಕೆಲಸ ಎಂದರು ಗೆಳೆಯರು. ಬಿಲ್ಲು ಅವರ ಕೈಗೆ ಹೋದರೆ ಒಂದೇ ಎಳೆತಕ್ಕೆ ಗೊತ್ತಾಗಿಬಿಡುತ್ತದೆ. ಯಾಕೆ ಸುಮ್ಮನೆ ತೊಂದರೆ, ನೇರ ಹೋಗುವುದನ್ನೇ ಹಾಕಿಕೊಳ್ಳುತ್ತೇನೆ ಅಂದೆ.

ಅವರು ದಿಮ್ಮಿಯಿಂದ ಬಾಣ ಕಿತ್ತು ಮೊನೆಯನ್ನು ನೋಡಿದರು. "ಅಣ್ಣಾರ, ನಾ ಕೊಲ್ಲಾಂವ ಅಲ್ಲ. ಆದ್ರ ನೀವು ಕೊಲ್ಲಾಕ ಹೊಂಟೀರಿ ಅಂದಮ್ಯಾಲ ಅದು ಲಗೂನ ಸಾಯಬೇಕು, ಒದ್ದಾಡಬಾರದು. ನಿಮ್ಮ ಬಿಲ್ಲಿನ ಎಳೆತ ಎಷ್ಟೈತಿ? ಐವತ್ತರ ಒಳಗಿದ್ರ ಈ ಮಡಚೋ ಅಲಗು ಬ್ಯಾಡೇ ಬ್ಯಾಡ."

"ಅರವತ್ತು," ಅಂದೆ. "ನಿಮಗೆ ಗೊತ್ತಿಲ್ವಾ?"

"ಹಂಗಾದ್ರ ನಡೀತೈತಿ. ಮೆಕ್ಯಾನಿಕಲ್ಲೇ ಹಾಕ್ರಿ."

ಅಮೆರಿಕದಲ್ಲಿ ನಡೆದದ್ದನ್ನು ಉದ್ದಕ್ಕೆ ಹೇಳಲಾರೆ. ಜಿಂಕೆ ಹತ್ತಿರಕ್ಕೇ ಬಂತು. ಸ್ವಲ್ಪ ಓರೆಯಾಗಿ ನಿಂತಿತ್ತು. ನನ್ನ ಬಾಣ ತಗುಲಿತು, ಅದು ನೆಗೆದು ಓಡಿತು. ನಾಲ್ಕು ಹೆಜ್ಜೆ ಆಚೆ ಬಾಣ ಕಳಚಿ ಎಲೆಗಳ ಮೇಲೆ ಬಿದ್ದಿತ್ತು. ಒಂದು ಅಲಗು ತೆರೆದಿತ್ತು, ಇನ್ನೊಂದು ಅರ್ಧಕ್ಕೇ ನಿಂತಿತ್ತು. ಅಂಗೈ ಅಗಲದಷ್ಟು ಮಾತ್ರ ಒಳಗೆ ಹೋಗಿದ್ದಕ್ಕೆ ಅದರ ಮೇಲೆ ರಕ್ತದ ಗುರುತಿತ್ತು. ಬೆಳಕು ಇರುವವರೆಗೆ ಹುಡುಕಿದೆವು, ಮಾರನೆಯ ಬೆಳಿಗ್ಗೆ ಮತ್ತೆ ಹುಡುಕಿದೆವು. ಅಲ್ಲಲ್ಲಿ ಒಂದೊಂದು ಹನಿ ರಕ್ತ, ಆಮೇಲೆ ಒಂದು ತೊರೆ, ಅದರಾಚೆ ಏನೂ ಇಲ್ಲ. ಪಕ್ಕದ ಮನೆಯವನು ನನ್ನನ್ನು ಬಯ್ಯಲಿಲ್ಲ. ನಿನ್ನ ಬಿಲ್ಲು ಎಷ್ಟು ಪೌಂಡಿನದು ಎಂದು ಒಮ್ಮೆ ಕೇಳಿದ. ಕೇಳಿಸದವನ ಹಾಗೆ ಇದ್ದೆ.

ಡರ್ಬಿಗೆ ಬಂದ ಮೇಲೆ ಗೆಳೆಯರು ನಮ್ಮ ಮನೆಗೆ ಬಂದರು. ಆದದ್ದನ್ನು ಹೇಳಿದೆ, ಎಳೆತದ ವಿಷಯ ಒಂದನ್ನು ಬಿಟ್ಟು. ಅಡುಗೆಮನೆಯ ಮೇಜಿನ ಮೇಲೆ ಬಾಣ ಇಟ್ಟುಕೊಂಡು, ಕನ್ನಡಕ ಹಾಕಿ, ತಿರುಗಿಸಿ ತಿರುಗಿಸಿ ನೋಡಿದರು.

"ಅಲಗು ಪೂರಾ ತೆರದಿಲ್ಲ," ಅಂದರು. "ನಾ ಹೇಳಿದ್ದ ತಪ್ಪಾತು."

ಆಗ ನಾನು ಬಾಯಿ ಬಿಡಬೇಕಿತ್ತು. ಎದ್ದು ಚಹಾಕ್ಕೆ ನೀರಿಟ್ಟೆ.

ಅದಾದ ಮೇಲೆ ಅವರು ಕ್ಲಬ್ಬಿಗೆ ಬರುವುದನ್ನು ನಿಲ್ಲಿಸಿದರು. ಶೆಡ್ಡಿನ ಬೀಗದ ಕೈ ಬೇರೆಯವರಿಗೆ ಕೊಟ್ಟರು. ಬೆನ್ನು ನೋವಿರಬೇಕು ಎಂದು ಎಲ್ಲರೂ ಅಂದುಕೊಂಡರು. ಯುಗಾದಿಯ ಊಟದ ದಿನ ಅವರ ಮನೆಯಾಕೆ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದರು: ಬಿಲ್ಲು ಅಟ್ಟಕ್ಕೆ ಹೋಗಿದೆಯಂತೆ; ಬೆಳಿಗ್ಗೆ ಪೂಜೆ ಮುಗಿದರೂ ಇವರು ಮಣೆಯಿಂದ ಏಳುವುದಿಲ್ಲವಂತೆ; ಯಾಕೆ ಅಂದರೆ, 'ನನ್ನ ಮಾತು ನಂಬಿ ಬಿಟ್ಟ ಬಾಣಕ್ಕೆ ಒಂದು ಜೀವ ನರಳಿತು' ಅನ್ನುತ್ತಾರಂತೆ. "ನೀವರ ಒಂದ ಮಾತು ಹೇಳ್ರಿ ಅಣ್ಣಾರ, ನಿಮ್ಮ ತಪ್ಪಿಲ್ಲ ಅಂತ. ನೀವು ಹೇಳಿದ್ರ ಕೇಳ್ತಾರ."

ಹೇಳುತ್ತೇನೆ ಅಂದೆ. ಹೇಳದೆಯೇ ಇನ್ನೊಂದು ಚಳಿಗಾಲ ಕಳೆಯಿತು.

ಜಿಂಕೆಯನ್ನು ಗಾಯ ಮಾಡಿದ್ದಕ್ಕಿಂತ ಇದು ದೊಡ್ಡ ಪಾಪ ಅಂತ ನನಗೆ ಅನ್ನಿಸತೊಡಗಿತು. ಜೀವಮಾನವಿಡೀ ಇರುವೆಯನ್ನೂ ದಾಟಿಕೊಂಡು ನಡೆದ ಮನುಷ್ಯನ ಮೇಲೆ ನಾನು ಮಾಡಿದ ಹಿಂಸೆಯ ಹೊರೆಯನ್ನು ಹೊರಿಸಿ, ನಾನು ಭಾನುವಾರ ಭಾನುವಾರ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದೆ.

ಈ ವರ್ಷ ಊರಿಗೆ ಹೊರಡಲು ಸೂಟ್‌ಕೇಸ್ ಕಟ್ಟುತ್ತಿದ್ದೆ. ವಿಮಾನಕ್ಕೆ ತೂಕ ಹೆಚ್ಚಾಗಬಾರದೆಂದು ಸೂಟ್‌ಕೇಸ್ ಎತ್ತಿ ತೂಗುವ ಸಣ್ಣ ತಕ್ಕಡಿ ನಮ್ಮೆಲ್ಲರ ಮನೆಯಲ್ಲೂ ಇರುತ್ತದೆ, ಕೊಕ್ಕೆ ಇರುವಂಥದ್ದು. ಅದು ಕೈಯಲ್ಲಿರುವಾಗ ಒಂದು ಉಪಾಯ ಹೊಳೆಯಿತು. ಸುಮ್ಮನೆ ಬಾಯಲ್ಲಿ ಹೇಳಿದರೆ ಗೆಳೆಯರು, ಸಮಾಧಾನ ಮಾಡಲು ಬಂದಿದ್ದೇನೆ ಅಂದುಕೊಳ್ಳುತ್ತಾರೆ. ಅಂಕಿ ಕಂಡರೆ ನಂಬುತ್ತಾರೆ. ಸೂಟ್‌ಕೇಸನ್ನು ಅಲ್ಲೇ ಬಿಟ್ಟು, ಬಿಲ್ಲು ಮತ್ತು ತಕ್ಕಡಿ ತೆಗೆದುಕೊಂಡು ಅವರ ಮನೆಗೆ ಹೋದೆ.

ಮುಂದಿನ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಇದನ್ನು ತೂಗಿ ನೋಡಿ ಅಂದೆ. ಯಾಕೆಂದು ಕೇಳಲಿಲ್ಲ. ಕೊಕ್ಕೆಯನ್ನು ಹೆದೆಗೆ ಹಾಕಿ ಎಳೆದರು. ಅಂಕಿ ನೋಡಿದರು. ಇನ್ನೊಮ್ಮೆ ಎಳೆದರು. ಇಪ್ಪತ್ತು ಕಿಲೋ ಚಿಲ್ಲರೆ. ಪೌಂಡಿಗೆ ಎಷ್ಟಾಗುತ್ತದೆಂದು ಅವರಿಗೆ ಲೆಕ್ಕ ಹಾಕಬೇಕಿರಲಿಲ್ಲ.

"ಯಾವಾಗಿಂದ?"

"ಆಪರೇಷನ್ ಆದಾಗಿಂದ."

"ಅಂದ್ರ ಅಮೆರಿಕಾಕ್ಕ ಹೋಗೂಕಿಂತ ಮೊದಲ."

"ಹೌದು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವರು ಬಿಲ್ಲನ್ನು ಸೋಫಾದ ಮೇಲೆ ಮಲಗಿಸಿದರು, ಮಗುವನ್ನು ಮಲಗಿಸುವ ಹಾಗೆ.

"ನಾ ಕೇಳಿದ್ದೆ ನಿಮಗ."

"ಕೇಳಿದ್ರಿ."

ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ದನಿ ಏರಿಸಲಿಲ್ಲ.

"ಇಷ್ಟ ದಿವಸ ಅದನ್ನ ನಾ ಹೊತ್ತೀನಿ, ಅಣ್ಣಾರ. ಇನ್ನ ನೀವು ಹೊರ್ರಿ."

ಆ ಮನೆಯಿಂದ ಚಹಾ ಕುಡಿಯದೆ ಹೊರಬಂದದ್ದು ಅದೇ ಮೊದಲು. ಅವರ ಮನೆಯಾಕೆ ಬಾಗಿಲವರೆಗೆ ಬಂದರು. ತಕ್ಕಡಿ ಅಲ್ಲೇ ಉಳಿಯಿತು. ವಾಪಸು ಕೇಳುವ ಮುಖ ನನಗಿರಲಿಲ್ಲ.

ನಾನು ಊರಿನಿಂದ ಮರಳಿದ ಮೇಲಿನ ಮೊದಲ ಭಾನುವಾರ ಕ್ಲಬ್ಬಿಗೆ ಹೋದಾಗ ಗೆಳೆಯರು ಮತ್ತೆ ಮೈದಾನದಲ್ಲಿದ್ದರು. ಎದುರಿಗೆ ಹೊಸಬರು ಸಾಲಾಗಿ ನಿಂತಿದ್ದರು. ಗೆಳೆಯರ ಕೈಯಲ್ಲಿ ನನ್ನ ತಕ್ಕಡಿ ಇತ್ತು. ಈಗ ಅವರು ಯಾರ ಬಿಲ್ಲಿನ ಎಳೆತವನ್ನೂ ಬಾಯಿಮಾತಿನ ಮೇಲೆ ನಂಬುವುದಿಲ್ಲ. ಒಬ್ಬೊಬ್ಬರದನ್ನೇ ತೂಗಿ, ಅಂಕಿಯನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಎಲ್ಲಿ ನಿಲ್ಲಬೇಕೆಂದು ತೋರಿಸುತ್ತಿದ್ದರು. ನಾನು ದೂರ ನಿಂತು ನೋಡುತ್ತಿದ್ದೆ. ಕೊನೆಗೆ ನನ್ನ ಕಡೆ ಕೈ ಚಾಚಿದರು.

ಬಿಲ್ಲು ಕೊಟ್ಟೆ. ಗೊತ್ತಿದ್ದರೂ ತೂಗಿದರು.

"ನಲವತ್ತೈದು ಪೌಂಡು," ಅಂದರು, ಎಲ್ಲರಿಗೂ ಕೇಳುವ ಹಾಗೆ.

ಕಾಂಟ್ರಾಕ್ಟಿನ ಹುಡುಗರು ನನ್ನ ಮುಖ ನೋಡಿದರು. ಹೌದು, ಬಹಳ ದಿನದಿಂದ ಅಷ್ಟೇ ಅಂದೆ. ಯಾರೂ ನಗಲಿಲ್ಲ. ಗೆಳೆಯರು ಬಿಲ್ಲು ವಾಪಸು ಕೊಟ್ಟು, ಕಡಿಮೆ ಎಳೆತದವರು ನಿಲ್ಲುವ ಹತ್ತಿರದ ಗುರಿಯ ಮುಂದಿನ ಗೆರೆಯನ್ನು ಬೆರಳಿನಿಂದ ತೋರಿಸಿದರು. ನಾನು ಹೋಗಿ ಅಲ್ಲಿ ನಿಂತೆ.