ಆರ್ಡಿಸಳ ಗೀರುಕೋಲು

ವಿಸ್ಕಾನ್ಸಿನ್‌ನ ನಮ್ಮ ಊರಿನಲ್ಲಿ, ಮನೆಯಲ್ಲೇ ಬಿಯರ್ ಮಾಡುವವರದ್ದೊಂದು ಸಂಘವಿದೆ. ಜುಲೈ ಪಿಕ್ನಿಕ್ಕಿಗೆ ಮೊದಲ ಪೀಪಾಯಿ ಯಾರದ್ದು ಎನ್ನುವುದೇ ಅಲ್ಲಿ ದೊಡ್ಡ ಮಾತು. ಐದು ಗ್ಯಾಲನ್ ತುಂಬಿರಲೇಬೇಕು. ಸಂಘದ ಹಿರಿಯ ಡೆಲ್ಮರ್ ತನ್ನ ಉಂಗುರದಿಂದ ಪೀಪಾಯಿಯ ಕುತ್ತಿಗೆ ತಟ್ಟುತ್ತಾನೆ. ಟಣ್ ಎಂದರೆ ಒಳಗೆ ಕಡಿಮೆಯಿದೆ ಎಂದು ಲೆಕ್ಕ.

ನನ್ನ ಪಕ್ಕದ ಮನೆಯ ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ನಾನೂರು ಮಕ್ಕಳಿಗೆ ಸೂಪು ಬೇಯಿಸಿದವಳು. ಮೊದಲ ಪೀಪಾಯಿ ಅವಳ ಪಾಲಿಗೆ ಬಂದ ಎರಡು ವರ್ಷವೂ ಅದು ಟಣ್ ಎಂದಿತು.

"ಏನ್ ಆರ್ಡಿಸ್, ಮಿಕ್ಕಿದ್ದು ನಿನ್ ಹೊಟ್ಟೇಲಿದ್ಯಾ?" ಎಂದ ಡೆಲ್ಮರ್. ಎಲ್ಲರೂ ನಕ್ಕರು. "ಮುಂದಿನ ಸಲನೂ ಹಿಂಗೇ ಆದ್ರೆ ಪೀಪಾಯಿ ಬೇರೆಯವ್ರಿಗೆ. ನೀನು ಆಲೂಗಡ್ಡೆ ಸಲಾಡ್ ತಂದ್ರೆ ಸಾಕು."

"ನೀನ್ ಕೊಟ್ಟ ಚೀಟಿ ನೋಡ್ಕೊಂಡೇ ಏಳೂವರೆ ಗ್ಯಾಲನ್ ನೀರಿಟ್ಟಿದ್ದು."

"ಕಡಿಮೆ ಬಂದ್ರೆ ನಲ್ಲಿ ನೀರು ಹುಯ್ಕೋಬೇಕು ಕಣಮ್ಮಾ. ಎಲ್ರೂ ಅದೇ ಮಾಡೋದು."

"ನಾನ್ ಮಾಡಲ್ಲ. ನೀರು ಬೆರೆಸಿದ್ದನ್ನ ನನ್ ಹೆಸರಲ್ಲಿ ಯಾರಿಗೂ ಕುಡಿಸಲ್ಲ."

ಆ ಚೀಟಿ, ಸಂಘ ಕಟ್ಟಿದ ಮುದುಕ ತನ್ನ ಪಾತ್ರೆಗೆಂದು ಬರೆದುಕೊಂಡದ್ದು. ಅವನು ಸತ್ತು ಹದಿನೈದು ವರ್ಷವಾದರೂ ಎಲ್ಲರೂ ಅದನ್ನೇ ನಕಲು ಮಾಡಿಕೊಂಡು ಬಂದಿದ್ದರು.

ಮೇ ತಿಂಗಳಲ್ಲಿ ಆರ್ಡಿಸ್ ಒಂದು ಮೇಪಲ್ ಕೋಲು ತಂದಳು. ಶಾಲೆಯವರು ಮಾರಿದ ಅಗಲಬಾಯಿಯ ಪಾತ್ರೆಗೆ ಒಂದೊಂದೇ ಗ್ಯಾಲನ್ ನೀರು ಸುರಿದು, ಕೋಲು ಇಳಿಸಿ, ಚಾಕುವಿನಿಂದ ಗೀರು ಹಾಕಿದಳು. ಬರೀ ನೀರನ್ನೇ ಒಂದು ಗಂಟೆ ಕುದಿಸಿದಳು. ಗಡಿಯಾರ ನೋಡುವ ಕೆಲಸ ನನ್ನದು.

"ನೋಡಿದ್ಯಾ? ಒಂದೂವರೆ ಗ್ಯಾಲನ್ ಹಬೆ ಕುಡೀತು. ಆ ಮುದುಕಂದು ಹಾಲಿನ ಕ್ಯಾನ್ ತರ ಸಣ್ಣ ಬಾಯಿ ಪಾತ್ರೆ. ಅದ್ರ ಅರ್ಧನೂ ಹೋಗ್ತಿರ್ಲಿಲ್ಲ."

ಆಮೇಲೆ ನಿಜವಾದ ಬಿಯರನ್ನೇ ಒಮ್ಮೆ ಕಾಯಿಸಿ ನೋಡಿದಳು. ನೆನೆಸಿದ ಮಾಲ್ಟ್ ಕಾಳು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹೀರಿಕೊಂಡದ್ದು ಒಂದು ಗ್ಯಾಲನ್‌ಗೂ ಮೇಲೆ. ಪಾತ್ರೆಯ ತಳದಲ್ಲಿ, ಕಹಿಗೆಂದು ಹಾಕಿದ ಹಾಪ್ಸ್ ಹೂವಿನ ಗಷ್ಟು ಅರ್ಧ. ಹುದುಗಿದ ಮೇಲೆ ಯೀಸ್ಟಿನ ಗಷ್ಟು ಇನ್ನರ್ಧ. ಬಿಸಿ ಆರಿದಾಗ ರಸ ಕುಗ್ಗಿದ್ದೂ ಸೇರಿತು.

"ಸೂಪಿನ ಸೌಟಿಗೆ ಅಂಟ್ಕೊಳ್ಳೋದನ್ನೂ ಲೆಕ್ಕ ಹಿಡಿದವಳು ನಾನು. ಹಬೆ, ಕಾಳು, ಗಷ್ಟು, ಇವರೆಲ್ಲರ ಪಾಲನ್ನ ಮೊದಲೇ ಇಟ್ಬಿಟ್ರಾಯ್ತು" ಎಂದಳು.

ಪಿಕ್ನಿಕ್ಕಿನ ಬಿಯರಿಗೆ ಒಂಬತ್ತು ಗ್ಯಾಲನ್ ನೀರಿಟ್ಟಳು. ಡೆಲ್ಮರ್ ಅವಳ ಗ್ಯಾರೇಜಿಗೆ ಬಂದು ಇಣುಕಿದ.

"ಒಂಬತ್ತಾ? ಪಾತ್ರೆ ತೊಳೆದ ನೀರು ಮಾಡ್ತಿದ್ದೀಯೇನೇ?"

"ಸತ್ತವನ ಪಾತ್ರೇಲಿ ನಾನ್ ಕಾಯಿಸ್ತಿಲ್ಲ. ಬೆಳಕಿಗಡ್ಡ ನಿಂತ್ಕೋಬೇಡ, ಗೀರು ಕಾಣಲ್ಲ."

ಪಿಕ್ನಿಕ್ಕಿನ ದಿನ ಡೆಲ್ಮರ್ ಉಂಗುರದಿಂದ ತಟ್ಟಿದ. ಧಪ್. ಇನ್ನೊಂದು ಮಗ್ಗುಲಲ್ಲಿ ತಟ್ಟಿದ. ಅಲ್ಲೂ ಧಪ್.

"ನೀರು ಹುಯ್ದಿದ್ದೀಯಾ, ನಿಜ ಹೇಳು."

ಅವಳು ಒಂದು ಲೋಟ ತುಂಬಿ ಕೊಟ್ಟಳು. ಅವನು ಕುಡಿದ, ಮತ್ತೆ ಲೋಟ ಚಾಚಿದ. ಆಮೇಲೆ ದನಿ ತಗ್ಗಿಸಿ, "ಆ ಕೋಲು ಒಂದ್ ವಾರ ಕೊಡ್ತೀಯಾ?" ಎಂದ.

"ಅದು ನನ್ ಪಾತ್ರೆ ಕೋಲು. ನಿನ್ ಪಾತ್ರೆ ಮುಂದೆ ನೀನೇ ಒಂದ್ ಗಂಟೆ ಕೂತ್ಕೋ" ಎಂದಳು ಆರ್ಡಿಸ್. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅದಿರ್ಲಿ, ಆಲೂಗಡ್ಡೆ ಸಲಾಡ್ ಎಲ್ಲಪ್ಪಾ? ನೀನ್ ತರ್ಲಿಲ್ವಾ?"