ಮಾಸ್ಟರು ಹಾಕಿದ ಉಸಿರಿನ ಗುರುತು

ಬಂಗಾರಪೇಟೆ ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನಗೆ ಕೆಲಸ. ಬೂದಿಕೋಟೆಯಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ. ಮಾಸ್ಟರನ್ನು ಮೊದಲು ನೋಡಿದ್ದು ಆ ಅಂಗಡಿಯಲ್ಲೇ. ಕೈಯಲ್ಲಿ ಬರೆದ ನಾಲ್ಕು ಹಾಳೆ ತಂದು, ಒಂದೊಂದಕ್ಕೂ ಎಂಟು ಪ್ರತಿ ಬೇಕು ಎಂದರು. ಐದೈದು ಗೆರೆಗಳ ಮೇಲೆ ಕಪ್ಪು ಚುಕ್ಕಿಗಳು, ಕೆಳಗೆ ಬೆರಳಿನ ಸಂಖ್ಯೆ. ಇದೇನೆಂದು ಕೇಳಿದೆ.

"ಪಿಯಾನೋ ಮಾ. ಭಾನುವಾರ ಉರಿಗಾಂಗೆ ಬಾ, ತೋರಿಸ್ತೀನಿ."

ಹೋದೆ. ಎರಡು ವರ್ಷ ಹೋದೆ.

ಅವರು ಅಲ್ಲಿನ ಚಿನ್ನದ ಗಣಿ ಮುಚ್ಚುವವರೆಗೂ ಒಳಗಿಳಿದು ಕಲ್ಲು ಕೊರೆದವರು. ಪಿಯಾನೋ ಕಲಿತದ್ದು ಚರ್ಚಿನಲ್ಲಿ. ಗಣಿ ಮುಚ್ಚಿದ ಮೇಲೆ ಗಣಿ ಅಧಿಕಾರಿಗಳ ಕ್ಲಬ್ಬಿನ ಹಳೆಯ ಪಿಯಾನೋ ಹರಾಜಿಗೆ ಬಂದಾಗ ಕೊಂಡು ತಂದಿದ್ದರು. ಅದರಲ್ಲಿ ಆರು ಮನೆಗಳು ಬೆರಳಿಂದ ಒತ್ತಿದರೂ ನುಡಿಯುತ್ತಿರಲಿಲ್ಲ. ಜೊತೆಗೆ ಬಂದದ್ದು ಒಂದು ದಪ್ಪ ಪುಸ್ತಕ, ಒಪೆರಾದ ಹಾಡುಗಳದು. ಒಪೆರಾ ಎಂದರೆ ಯೂರೋಪಿನ ನಾಟಕ. ಅಲ್ಲಿ ಪಾತ್ರಗಳು ಮಾತಾಡುವುದಿಲ್ಲ, ಹಾಡುತ್ತವೆ. ಕಲಿಯಲು ಬರುವವರು ಮನೆಯ ಚಿಕ್ಕ ಕೀಬೋರ್ಡಿನಲ್ಲೂ ನುಡಿಸಲಿ ಎಂದು ಮಾಸ್ಟರು ಆ ಹಾಡುಗಳನ್ನು ಸುಲಭ ಮಾಡಿ ಬರೆಯುತ್ತಿದ್ದರು. ಬಲಗೈಗೆ ಹಾಡು, ಎಡಗೈಗೆ ಎರಡೇ ಸ್ವರ.

ಬರೆಯುವಾಗ ತಾವೇ ಹಾಡಿ ನೋಡುವರು. ಉಸಿರು ಮುಗಿದ ಕಡೆ ಗೆರೆಯ ಮೇಲೆ ಅಲ್ಪವಿರಾಮದಂಥ ಗುರುತು ಹಾಕುವರು. ಅಲ್ಲಿ ಕೈ ಎತ್ತಬೇಕು. "ಆಡೋಳಿಗೆ ಉಸ್ರು ಬೇಕಲ್ಲ ಮಾ. ಬೆರಳಿಗೆ ಉಸ್ರು ಬೇಡ ಅಂತ ಓಡಿಸ್ಬಾರ್ದು" ಎನ್ನುತ್ತಿದ್ದರು.

ಕಲ್ಲಿನ ಧೂಳು ಅವರ ಶ್ವಾಸಕೋಶದಲ್ಲಿ ಕೂತಿತ್ತು. ಹಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅವರ ಹೆಂಡತಿ, ನಾನು ಅಮ್ಮ ಎನ್ನುತ್ತಿದ್ದವರು, ಒಳಗಿಂದ ಅನ್ನುವರು: "ಮೆಟ್ಲು ಅತ್ತೋಕೆ ದಮ್ಮಿಲ್ಲ. ಆಡೋಕೆ, ನನ್ನ ಬೈಯೋಕೆ ಮಾತ್ರ ಎಲ್ಲಿಂದ ಬತ್ತದೋ."

"ನಿನ್ನ ಬೈಯೋಕೆ ಅಂತಾನೇ ಎತ್ತಿಟ್ಟಿದೀನಿ," ಎನ್ನುವರು ಮಾಸ್ಟರು.

ಪುಸ್ತಕದಲ್ಲಿ ಒಂದೇ ಹಾಡು ಉಳಿದಿತ್ತು. ಸಾಯುವ ಹೆಂಗಸೊಬ್ಬಳು ಕಡೆಯಲ್ಲಿ ಹಾಡುವುದು. ಅದನ್ನು ಮುಗಿಸಿಬಿಡಬೇಕು, ಆಮೇಲೆ ಏನಾದರೂ ಆಗಲಿ ಎನ್ನುತ್ತಿದ್ದರು. ಕೊನೆಯ ಎರಡು ಸಾಲು ಬಿಟ್ಟು ಒಂದು ಪುಟ ಬರೆದು, ಕೈ ನಡುಗುತ್ತಿದ್ದುದರಿಂದ ಅಚ್ಚುಕಟ್ಟಾಗಿ ನಕಲು ಮಾಡಿಕೊಡು ಎಂದು ನನಗೆ ಕೊಟ್ಟರು.

ಆ ಪುಟದಲ್ಲಿ ಹತ್ತೊಂಬತ್ತು ಉಸಿರಿನ ಗುರುತಿದ್ದವು. ನಾನು ಎಣಿಸಿದೆ. ಎರಡು ಮೂರು ಸ್ವರಕ್ಕೊಂದು. ಅವರ ಮೊದಮೊದಲ ಹಾಳೆಗಳಲ್ಲಿ ಸಾಲಿಗೊಂದು ಇರುತ್ತಿತ್ತು. ಅಚ್ಚಿನ ಪುಸ್ತಕ ತೆಗೆದು ನೋಡಿದೆ. ಅಲ್ಲಿ ಇಡೀ ಸಾಲಿನ ಮೇಲೆ ಒಂದೇ ಕಮಾನು, ಒಂದೇ ಉಸಿರಿಗೆ ಹಾಡು ಎಂದು. ವಯಸ್ಸಾಯಿತು, ಪೆನ್ನು ಜಾರಿದೆ ಎಂದುಕೊಂಡೆ. ನಾಲ್ಕು ಗುರುತು ಉಳಿಸಿ ಹದಿನೈದನ್ನು ಬಿಟ್ಟು ನಕಲು ಮಾಡಿದೆ. ತಿದ್ದಿದ್ದಕ್ಕೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಭಾನುವಾರ ಬೆಳಿಗ್ಗೆ ನಾನು ನುಡಿಸಿದೆ. ಮಾಸ್ಟರು ಪಕ್ಕದಲ್ಲಿ ನಿಂತು, ಹಾಳೆ ನೋಡಿಕೊಂಡು, ಎಂದಿನಂತೆ ಹಾಡಿ ಪರೀಕ್ಷೆ ಮಾಡಿದರು. ಗುರುತಿಲ್ಲದ ಕಡೆ ಉಸಿರಿಗೆ ನಿಲ್ಲುವ ಅಭ್ಯಾಸ ಅವರಿಗಿರಲಿಲ್ಲ. ಎರಡನೆಯ ಸಾಲಿನ ನಡುವೆ ಅವರ ದನಿ ನಿಂತಿತು. ನನ್ನ ಕಣ್ಣು ಹಾಳೆಯ ಮೇಲಿತ್ತು. ದನಿ ನಿಂತ ಮೇಲೂ ನಾನು ಐದು ಸ್ವರ ನುಡಿಸಿದೆ. ತಿರುಗಿದಾಗ ಅವರು ಪಿಯಾನೋದ ಅಂಚು ಹಿಡಿದು ಬಗ್ಗಿದ್ದರು. ತುಟಿ ನೀಲಿಯಾಗಿತ್ತು. ಅಮ್ಮ ಬೋಗುಣಿ ತಂದರು. ಕಫದಲ್ಲಿ ರಕ್ತವಿತ್ತು.

ಅವರನ್ನು ಮಲಗಿಸಿದ ಮೇಲೆ ಅಮ್ಮ ಅವರ ಹಾಳೆ, ನನ್ನ ನಕಲು ಎರಡನ್ನೂ ಹಿಡಿದು ನೋಡಿದರು. ಅವರಿಗೆ ಸ್ವರ ಓದಲು ಬರುವುದಿಲ್ಲ. ಗುರುತು ಗೊತ್ತಿತ್ತು.

"ಇದ್ರಲ್ಲಿ ಕೊಕ್ಕೆಗಳೆಲ್ಲ ಎಲ್ಲೋದ್ವು?"

"ಪುಸ್ತಕದಲ್ಲಿ ಇರಲಿಲ್ಲ ಅಮ್ಮ."

"ಪುಸ್ತಕ ಏನ್ ಗಣಿಗೆ ಇಳಿದಿತ್ತಾ?"

ಮಂಚದ ಮೇಲಿಂದ ಮಾಸ್ಟರು ಮೆಲ್ಲಗೆ, ಮಾತಿಗೊಂದು ಉಸಿರು ತೆಗೆದುಕೊಂಡು ಹೇಳಿದರು: "ಬೈಬೇಡ. ಬುಕ್ಕಲ್ಲಿ... ಇರೋದೇ... ಬರ್ದವ್ಳೆ."

ಆಗ ನನಗೆ ತಿಳಿಯಿತು. ಅವರು ಗುರುತು ಹಾಕಿದ್ದು ಎರಡು ಸ್ವರಕ್ಕೊಂದು ಬಾರಿ ಉಸಿರು ಮುಗಿದಿದ್ದರಿಂದ. ಮನೆಗೆ ಹೋಗಿ ಹಳೆಯ ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಎರಡು ವರ್ಷದಲ್ಲಿ ಗುರುತುಗಳು ಹತ್ತಿರ ಹತ್ತಿರ ಬಂದಿದ್ದವು. ಅಷ್ಟೂ ಹಾಳೆಗಳನ್ನು ಜೆರಾಕ್ಸ್ ಮಾಡಿದವಳು ನಾನೇ.

ಆ ದಿನದ ನಂತರ ಅವರು ಹಾಡಲಿಲ್ಲ. ಇಪ್ಪತ್ತೆರಡನೆಯ ದಿನ ತೀರಿಕೊಂಡರು. ಶ್ವಾಸಕೋಶ ಹೋಗಿ ಬಹಳ ಕಾಲವಾಗಿತ್ತು ಎಂದರು ಡಾಕ್ಟರು. ಹಾಗಿರಬಹುದು. ಅವರಿಗೆ ಎಷ್ಟು ದಿನ ಉಳಿದಿದ್ದವು, ನನ್ನಿಂದ ಎಷ್ಟು ಕಡಿಮೆಯಾದವು, ನನಗೆ ಗೊತ್ತಿಲ್ಲ.

ಹಾಡಿನ ಕೊನೆಯ ಎರಡು ಸಾಲು ಬರೆಯದೆ ಉಳಿದಿದ್ದವು. ಅಮ್ಮ ಹಾಳೆ ನನ್ನ ಕೈಗಿಟ್ಟು, "ನೀನೇ ಮುಗ್ಸಮ್ಮ. ಎಂಟು ಕಾಪಿ ತೆಗಿ" ಎಂದರು. ಕೂತೆ. ಅವರಂತೆಯೇ ಹಾಡಿ ನೋಡಿದೆ. ನನ್ನ ಉಸಿರು ಸಾಲಿನ ಕೊನೆಯವರೆಗೂ ಬಂತು. ಇನ್ನೊಮ್ಮೆ ಹಾಡಿದೆ, ಆಗಲೂ ಬಂತು. ಗುರುತು ಹಾಕಲು ಜಾಗ ಸಿಗಲಿಲ್ಲ. ಪೆನ್ನು ಮುಚ್ಚಿದೆ.

ಮರುದಿನ ಅಂಗಡಿಯಲ್ಲಿ ಅವರ ನಡುಗುವ ಕೈಯ ಹಾಳೆಯನ್ನೇ, ಹತ್ತೊಂಬತ್ತು ಗುರುತುಗಳ ಸಮೇತ, ಎಂಟು ಪ್ರತಿ ತೆಗೆದೆ. ಕಲಿಯುವವರು ಅದನ್ನೇ ನುಡಿಸುತ್ತಾರೆ. ಹಾಡು ಎರಡು ಸಾಲು ಮೊದಲೇ ನಿಲ್ಲುತ್ತದೆ.