ಹಡಗಿನಿಂದ ಗೋಲಿ ತಂದ ಮಾವ

ಮಾವನ ಎಡಗೈಯ ನಡುಬೆರಳು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿತ್ತು. ಹೆಬ್ಬೆರಳನ್ನು ನೆಲಕ್ಕೂರಿ, ನಡುಬೆರಳಿನ ತುದಿಗೆ ಗೋಲಿಯಿಟ್ಟು, ಬಲಗೈಯಿಂದ ಎಳೆದು ಬಿಟ್ಟನೆಂದರೆ ಎದುರಿನ ಗಾಜಿನ ಗೋಲಿಯ ಚೂರು ಹಾರುತ್ತಿತ್ತು. ಚಿಕ್ಕಂದಿನಿಂದ ಎಳೆದೆಳೆದು ಗೆಣ್ಣೇ ಸಡಿಲಾಗಿದೆ ಎಂದು ಅಜ್ಜಿ ಬೈಯುತ್ತಿದ್ದಳು.

ಅವನು ನನ್ನ ಅಮ್ಮನ ಒಬ್ಬನೇ ತಮ್ಮ. ನಾವುಂದದಲ್ಲಿ ಕಡಲಿಗೆ ಹತ್ತಿರ ನಮ್ಮ ಅಜ್ಜಿಮನೆ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದುದರಿಂದ ಅಮ್ಮ, ನಾನು, ನನ್ನ ತಮ್ಮ ಅಲ್ಲೇ ಇರುತ್ತಿದ್ದೆವು. ತೊಂಬತ್ತೇಳರ ಸುಮಾರಿಗೆ ನಾನು ಎರಡನೇ ಕ್ಲಾಸು. ದೋಣಿಗಳನ್ನು ದಡಕ್ಕೆ ಎಳೆದಿಟ್ಟ ತಿಂಗಳುಗಳಲ್ಲಿ ಉಳಿದ ಗಂಡಸರು ಬಲೆ ರಿಪೇರಿಗೆ ಕೂತರೆ ಮಾವ ಮಳೆ ಬಿಟ್ಟ ಹೊತ್ತು ನೋಡಿ ಅಂಗಳದಲ್ಲಿ ಮೂರು ಕುಳಿ ತೋಡಿ ಮಕ್ಕಳನ್ನು ಕೂಗುತ್ತಿದ್ದ. ನಾನೂ ಓಡುತ್ತಿದ್ದೆ.

"ಹೆಣ್ಮಕ್ಕಳ್ ಗೋಲಿ ಆಡುದಾ?" ಎಂದು ಅಜ್ಜಿ ಒಳಗಿನಿಂದಲೇ ಗದರಿದಳು ಒಮ್ಮೆ.

"ಬಿಟ್ಟದ್ದ್ ಯಾರ್ ಅಂದೇಳಿ ಗೋಲಿಗೆ ಗೊತ್ತಾತ್ತಾ ಅಬ್ಬಿ?" ಎಂದ ಮಾವ ತಾಯಿಗೆ. ಅಜ್ಜಿಯೂ ನಕ್ಕುಬಿಟ್ಟಳು. ಆ ದಿನಗಳಲ್ಲಿ ಅವನ ಮಾತಿಗೆ ಯಾರಾದರೂ ನಗುತ್ತಲೇ ಇರುತ್ತಿದ್ದರು. ಗೆದ್ದ ಗೋಲಿಗಳನ್ನು ಲುಂಗಿಯ ಮಡಿಲಲ್ಲಿ ಕುಲುಕಿಸುತ್ತ, ಸೋತವರನ್ನು ಕೆಣಕುತ್ತ ಇಡೀ ಅಂಗಳ ಸುತ್ತುತ್ತಿದ್ದ.

ಅದರ ಮರುವರ್ಷ ಅವನು ಮುಂಬಯಿಗೆ ಹೋದ. ಅಲ್ಲಿಂದ ಏಜೆಂಟನೊಬ್ಬನ ಮೂಲಕ ಸರಕಿನ ಹಡಗಿಗೆ ಸೇರಿದ. ಮೊದಮೊದಲು ಪಕ್ಕದ ಅಂಗಡಿಗೆ ಫೋನ್ ಬರುತ್ತಿತ್ತು, ಆಮೇಲೆ ನಿಂತಿತು. ಅಜ್ಜಿ ಹರಕೆ ಹೊತ್ತಳು, ದೈವದ ದರ್ಶನದಲ್ಲಿ ಕೇಳಿಸಿದಳು. ಒಂದು ವರ್ಷಕ್ಕೂ ಮಿಕ್ಕಿ ಅವನು ಬದುಕಿದ್ದಾನೋ ಇಲ್ಲವೋ ಎಂದು ನಮಗೆ ತಿಳಿಯಲಿಲ್ಲ.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಒಂದು ಮಧ್ಯಾಹ್ನ ಬಸ್ಸಿಳಿದು ನಡೆದು ಬಂದ. ಅಮ್ಮನಿಗೆ ಅವನ ಗುರುತೇ ಹತ್ತಲಿಲ್ಲ. ಯಾರೋ ಬೇಡಲು ಬಂದವನೆಂದು "ಮುಂದ್ ಹೋಯ್ನಿ" ಅಂದಳು. ಅವನು ಅಂಗಳದಲ್ಲೇ ನಿಂತು, "ನಾನ್ ಅಕ್ಕ" ಎಂದ. ಅಮ್ಮನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಅಜ್ಜಿ ಆ ವಾರವೇ ಹೋಗಿ ಹರಕೆ ಒಪ್ಪಿಸಿ ಬಂದಳು.

ಮಾಲೀಕ ಹಡಗನ್ನು ಗಲ್ಫಿನ ಒಂದು ಬಂದರಿನ ಹೊರಗೆ ಲಂಗರು ಹಾಕಿಸಿ ಕೈಬಿಟ್ಟಿದ್ದನಂತೆ. ಸಾಲ ಮಾಡಿ ಓಡಿಹೋಗಿದ್ದನೋ ಏನೋ, ಇವರಿಗೆ ಯಾರೂ ಹೇಳಲಿಲ್ಲ. ಕಾಗದಪತ್ರ ಬಂದರಿನವರ ಕೈಯಲ್ಲಿತ್ತು, ಇಳಿಯಲು ಅಪ್ಪಣೆಯಿರಲಿಲ್ಲ. ಕಡೆಗೆ ಬಂದರಿನವರೇ ಊರಿಗೆ ಕಳಿಸಿದರಂತೆ. ಇಷ್ಟನ್ನು ಮಾತ್ರ ಹೇಳಿ ಮಾವ ಬಾಯಿ ಮುಚ್ಚಿದ. ಕಡಲಿಗೆ ಹೋಗೆಂದರೆ ತಲೆ ಅಲ್ಲಾಡಿಸುತ್ತಿದ್ದ. ಬಲೆ ಹೆಣೆದುಕೊಟ್ಟು ಊಟ ಮಾಡುತ್ತಿದ್ದ.

ಅವನ ಚೀಲದಲ್ಲಿ ಉಕ್ಕಿನ ಗುಂಡುಗಳಿದ್ದವು. ಹಡಗಿನ ಹಳೇ ಬೇರಿಂಗ್ ಒಡೆದು ತೆಗೆದದ್ದು. ಒಂದು ದಿನ ಅವನ್ನು ಅಂಗಳಕ್ಕೆ ಸುರಿದು ಮಕ್ಕಳನ್ನು ಕರೆದ. ಹಡಗಿನಲ್ಲಿ ಉಳಿದವರು ಬೇರೆ ಬೇರೆ ದೇಶದವರಂತೆ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಎಲ್ಲರೂ ಚಿಕ್ಕಂದಿನಲ್ಲಿ ಗೋಲಿ ಆಡಿದವರು. ಸಿರಿಯಾದವನು ತ್ರಿಕೋನ ಗೀಚಿ ಅದರೊಳಗೆ ಗೋಲಿಯಿಟ್ಟು ದೂರದಿಂದ ಹೊಡೆದು ಹೊರಹಾಕುತ್ತಿದ್ದನಂತೆ. ಫಿಲಿಪೈನ್ಸಿನ ಅಡುಗೆಯವನು ಗೋಲಿಯನ್ನು ತೋರುಬೆರಳಿನ ಮಡಿಕೆಯಲ್ಲಿಟ್ಟು ಹೆಬ್ಬೆರಳಿನಿಂದ ಚಿಮ್ಮಿಸುತ್ತಿದ್ದನಂತೆ. ಮಾವ ಅವರಿಗೆ ನಮ್ಮೂರಿನ ಕುಳಿಯಾಟ ಕಲಿಸಿದ. ಕಬ್ಬಿಣದ ನೆಲದಲ್ಲಿ ಕುಳಿ ತೋಡುವುದೆಲ್ಲಿ? ಸೀಮೆಸುಣ್ಣದಲ್ಲಿ ಮೂರು ಸುತ್ತು ಬರೆದರಂತೆ. ಹಡಗು ಒಂದಿಷ್ಟು ವಾಲಿದರೆ ಗುಂಡುಗಳೆಲ್ಲ ತಾವಾಗಿ ಉರುಳುತ್ತಿದ್ದವು. ಅದನ್ನು ಸಮುದ್ರದ ಸರದಿ ಎಂದು ಲೆಕ್ಕ ಹಿಡಿದು ಮುಂದೆ ಆಡುತ್ತಿದ್ದರಂತೆ.

"ಅಷ್ಟ್ ಕಷ್ಟದಗೂ ಆಡ್ತಿದ್ರಿಯಾ ಮಾವ?" ಎಂದು ಕೇಳಿದೆ.

"ಆಡ್ದೇ ಇದ್ರೆ ಮರ್ಲ್ ಹಿಡಿತಿತ್ತ್ ಹೆಣೆ" ಎಂದ. ನನ್ನನ್ನು ಅವನು ಕರೆಯುತ್ತಿದ್ದುದೇ ಹಾಗೆ, ಹುಡುಗಿ ಎಂದು.

ಮೂರು ದೇಶದ ಆಟವನ್ನೂ ನಮ್ಮೂರ ಮಕ್ಕಳು ಕಲಿತರು. ಸಂಜೆ ಶಾಲೆ ಬಿಟ್ಟರೆ ನಮ್ಮ ಅಂಗಳ ತುಂಬುತ್ತಿತ್ತು. ಗಡ್ಡ ನೆರೆತ ಗಂಡಸು ಮಕ್ಕಳ ಜತೆ ಮೊಣಕಾಲೂರಿ ಕೂರುವುದನ್ನು ಕಂಡು ದಾರಿಹೋಕರು ನಗುತ್ತಿದ್ದರು, ಅವನು ತಲೆಯೆತ್ತುತ್ತಿರಲಿಲ್ಲ. ಒಂದೇ ಕಟ್ಟುಪಾಡು: ಆಟ ಮುಗಿದ ಮೇಲೆ ಗೆದ್ದವರು ಗೆದ್ದದ್ದನ್ನೆಲ್ಲ ವಾಪಸು ಕೊಡಬೇಕು. ಮಕ್ಕಳಿಗೆ ಇದು ಸಪ್ಪೆ. ಒಬ್ಬ ಹುಡುಗ ಒಮ್ಮೆ ಗೆದ್ದ ಗೋಲಿಯನ್ನು ಚಡ್ಡಿ ಜೇಬಿಗೆ ಹಾಕಿಕೊಂಡು ಹೊರಟ. ಮಾವ ಅವನ ರಟ್ಟೆ ಹಿಡಿದು ನೆಲಕ್ಕೆ ಕೆಡವಿ, ಜೇಬು ಹರಿದು ಗೋಲಿ ಕಿತ್ತುಕೊಂಡ. ಹುಡುಗನ ಅಪ್ಪ ಜಗಳಕ್ಕೆ ಬಂದ. ಮಾವ ಆ ಗೋಲಿಯನ್ನು ಸೋತವನ ಕೈಗಿಟ್ಟು ಅಂಗಳದಿಂದ ಎದ್ದುಹೋದ. ಒಂದು ಗೋಲಿಗೆ ಇಷ್ಟೆಲ್ಲ ಯಾಕೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ತಮ್ಮನಿಗೆ ಹತ್ತೊಂಬತ್ತು ತುಂಬಿದ ವರ್ಷ. ಮುಂಬಯಿಯಿಂದ ಒಬ್ಬ ಏಜೆಂಟ ಬಂದಿದ್ದ, ಮೂಲ ನಮ್ಮ ಕಡೆಯವನೇ. ತಮ್ಮನನ್ನೂ ಕೇರಿಯ ಇನ್ನಿಬ್ಬರನ್ನೂ ಹಡಗಿಗೆ ಕಳಿಸುವ ಮಾತು. ನಮ್ಮ ಜಗಲಿಯಲ್ಲೇ ಕೂಟ ಸೇರಿತ್ತು, ನೆರೆಕರೆಯವರೆಲ್ಲ ಇದ್ದರು. ಅಪ್ಪ ಒಪ್ಪಿಯಾಗಿತ್ತು. ಅಮ್ಮ ಚಾ ಕೊಡುತ್ತಿದ್ದಳು. ಅಂಗಳದ ಮೂಲೆಯಲ್ಲಿ ಬಲೆ ಹಿಡಿದು ಕೂತಿದ್ದ ಮಾವ ಎದ್ದು ಬಂದ.

"ಇವ ಹೋಪ್ದ್ ಬ್ಯಾಡ" ಎಂದ.

"ಎಲ್ಲಾ ಹಡಗೂ ನಿಮ್ದರ ಹಾಂಗೆ ಇರತ್ತಾ ಮಾರಾಯ್ರೆ?" ಎಂದು ಏಜೆಂಟ ನಕ್ಕ.

"ಹತ್ತುವಾಗ ನಮ್ದೂ ಹಾಂಗಿರ್ಲಿಲ್ಲೆ."

ಅಪ್ಪ ರೇಗಿದ: "ನಿಂಗೆ ಆಯ್ಲಿಲ್ಲ ಅಂದೇಳಿ ಅವ್ನೂ ಕೂತ್ಕಣ್ಕಾ?"

ಆಗ ಮಾವ ಹೇಳಿದ. ನಿಂತೇ ಹೇಳಿದ, ನೆಲ ನೋಡುತ್ತ. ಮೊದಲು ಸುಮ್ಮನೆ ಆಡುತ್ತಿದ್ದರಂತೆ. ದಿನಸಿ ಮುಗಿಯುತ್ತ ಬಂದಂತೆ ಸಕ್ಕರೆ ಪಣಕ್ಕಿಟ್ಟರು, ಆಮೇಲೆ ಚಾಪುಡಿ. ಬೇಸಿಗೆಯಲ್ಲಿ ಕುಡಿಯುವ ನೀರಿನ ದೋಣಿ ಬರುವುದೂ ತಪ್ಪಿತು. ತಲೆಗೊಂದು ಬಾಟಲಿಯಂತೆ ಹಂಚಿಕೊಳ್ಳುತ್ತಿದ್ದರು. ಕಡೆಗೆ ಅದನ್ನೇ ಪಣಕ್ಕಿಟ್ಟರು. ಆ ಫಿಲಿಪೈನ್ಸಿನ ಅಡುಗೆಯವನು ವಯಸ್ಸಾದವನು, ಆಗಲೇ ಜ್ವರ ಹಿಡಿದಿತ್ತು, ಆದರೂ ಆಡುವ ಚಟ. ಮಾವನ ಎದುರು ಕೂತ.

"ನಾನ್ ಗೆದ್ದೆ. ಅವ್ನ್ ನೀರ್ ಅವ್ನೆದ್ರೇ ಕುಡ್ದೆ. ಅವ ನನ್ನೇ ಕಾಂತಿದ್ದ. ಬಾಯಿ ಬಿಟ್ ಕೇಣ್ಲಿಲ್ಲೆ, ನಾನೂ ಕೊಡ್ಲಿಲ್ಲೆ. ಆ ವಾರವೇ ತೀರ್ಕಂಡ. ಬಂದರಿನವರ್ ಬಪ್ಪಲ್ಲಿವರಿಗೂ ಟರ್ಪಾಲ್ ಮುಚ್ಚಿ ಇಟ್ಕಂಡಿದ್ದೆವ್. ನಾನ್ ಕೆಟ್ಟವ ಆಯಿದ್ದಿಲ್ಲೆ ಅಕ್ಕ. ಅಲ್ಲಿ ಹಾಂಗಾದೆ. ಇವ್ನೂ ಹಾಂಗೇ ಆತ್ತ."

ಅಮ್ಮ ಚಾದ ತಟ್ಟೆಯನ್ನು ಜಗಲಿಯ ಮೇಲಿಟ್ಟು ತಮ್ಮನ ಪಕ್ಕ ಹೋಗಿ ನಿಂತಳು. "ಅವ ಬತ್ತಿಲ್ಲೆ, ನೀವ್ ಹೊರಡಿ" ಎಂದಳು ಏಜೆಂಟನಿಗೆ. ಅಪ್ಪ ಎದ್ದು ಅಂಗಳಕ್ಕಿಳಿದ. ಇನ್ನಿಬ್ಬರು ಹುಡುಗರೂ ಹೋಗಲಿಲ್ಲ.

ಮಾತು ಅಂದೇ ಕೇರಿಯಿಡೀ ಹಬ್ಬಿತು. ಮರುದಿನ ಸಂಜೆ ಮಾವ ಎಂದಿನಂತೆ ಅಂಗಳ ಗುಡಿಸಿ ತ್ರಿಕೋನ ಗೀಚಿ ಕೂತ. ಒಂದು ಮಗುವೂ ಬರಲಿಲ್ಲ. ಬೇಲಿಯ ದಣಪೆಯಾಚೆ ನಿಂತು ಇಣುಕಿದ ಪುಟ್ಟವನೊಬ್ಬನನ್ನು ಅವನ ತಾಯಿ ಎಳೆದುಕೊಂಡು ಹೋದಳು. "ಅವ್ನತ್ರ ಹೋಪ್ದಲ್ಲ, ಸಾಯುವವನ ನೀರ್ ಕುಡ್ದವ" ಎಂದದ್ದು ನಮಗೂ ಕೇಳಿಸಿತು. ನಾನು ಅವಳ ಹಿಂದೆ ಹೋಗಲು ಎದ್ದೆ. ಮಾವ ಕೈ ಹಿಡಿದು ಕೂರಿಸಿದ.

"ಬಿಡ್ ಹೆಣೆ. ಅದ್ ಹೇಳುದ್ರಗೆ ಸುಳ್ಳ್ ಎಂತ ಇತ್ತ್?"

ಕೆಲವು ದಿನ ನಾನೇ ಅವನ ಎದುರು ಕೂತು ಆಡಿದೆ. ಆಮೇಲೆ ನಾನು ಕುಂದಾಪುರದಲ್ಲಿ ಬಟ್ಟೆಯಂಗಡಿಗೆ ಕೆಲಸಕ್ಕೆ ಸೇರಿದೆ, ಬರುವಾಗ ಕತ್ತಲಾಗುತ್ತಿತ್ತು. ಭಾನುವಾರ ಮಾತ್ರ ಬಿಡುವು. ಅವನಿಗೂ ಬರಬರುತ್ತ ಆಟ ಬೇಡವಾಯಿತು. ನನ್ನ ಮದುವೆಗೆ ಬಂದವರು ಅವನ ಪಂಕ್ತಿಯಲ್ಲಿ ಕೂರಲಿಲ್ಲ. ಅವನು ಎಲ್ಲರ ಊಟ ಮುಗಿದ ಮೇಲೆ ಅಡುಗೆಯವರ ಜತೆ ಉಂಡ. ಬಾವಿಕಟ್ಟೆಯಲ್ಲಿ ಯಾರಾದರೂ ನೀರು ಸೇದುತ್ತಿದ್ದರೆ ಅವರು ಹೋಗುವವರೆಗೆ ದೂರ ನಿಂತಿರುತ್ತಿದ್ದ.

ಎರಡು ಮಳೆಗಾಲ ಕಳೆದು ಎದೆಗೆ ಕಫ ಕಟ್ಟಿ ಮಲಗಿದ. ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು. ತಮ್ಮ ಹಗಲಿಡೀ ಪಕ್ಕದಲ್ಲೇ ಕೂತಿರುತ್ತಿದ್ದ. ಮಾವ ಅವನ ಕೈ ಹಿಡಿದು ನೋಡುತ್ತಿದ್ದ, ಬಲೆಯ ಹಗ್ಗ ಎಳೆದು ದಪ್ಪಗಟ್ಟಿದ ಅಂಗೈಯನ್ನು ಸವರುತ್ತಿದ್ದ. ಒಂದು ಬೆಳಿಗ್ಗೆ ಅಮ್ಮ ಗಂಜಿ ತರಲು ಹೋದಾಗ ಉಸಿರು ನಿಂತಿತು. ಹೊರಲು ಬಂದವರು ನಾಲ್ಕೇ ಜನ. ಅವರಲ್ಲಿ ಇಬ್ಬರು ಆ ದಿನ ಏಜೆಂಟನ ಜತೆ ಹೋಗದೆ ಉಳಿದ ಹುಡುಗರು. ಅಳಿಯನಾಗಿ ತಮ್ಮನೇ ಬೆಂಕಿಯಿಟ್ಟ.

ಆ ಜಗಲಿಯಲ್ಲಿ ಮಾವ ಬಾಯಿ ಬಿಡದಿದ್ದರೆ ಮಕ್ಕಳು ಅವನ ಸುತ್ತ ಉಳಿಯುತ್ತಿದ್ದರು. ಅವನಿಗಿದ್ದದ್ದು ಅವರಷ್ಟೇ. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಎದ್ದು ಬಂದ.

ತಮ್ಮನಿಗೆ ಈಗ ಸ್ವಂತ ದೋಣಿಯಿದೆ, ಇಬ್ಬರು ಮಕ್ಕಳಿದ್ದಾರೆ. ಬೆಳಗಿನ ಜಾವ ಕಡಲಿಗೆ ಹೋದವನು ಮಧ್ಯಾಹ್ನದ ಹೊತ್ತಿಗೆ ಅಂಗಳಕ್ಕೆ ಕಾಲಿಟ್ಟರೆ, ಕಣ್ಣು ಮಂಜಾದ ಅಮ್ಮ ಒಳಗಿನಿಂದ ಕೇಳುತ್ತಾಳೆ: "ಬಂದ್ಯಾ ಮಗಾ?"

"ಬಂದೆ" ಎನ್ನುತ್ತಾನೆ.